ವಿಜಾಪುರ: ಹಿಂಬಾಗಿಲಿನಿಂದ ನೋಡುವ ರಾಜಧಾನಿ

ವಿಜಾಪುರ ನೋಡಲು ಬರುವವರಲ್ಲಿ ಹೆಚ್ಚಿನವರು ಆ ಊರನ್ನು ಕೊನೆಯಿಂದ ಮೊದಲಿಗೆ ನೋಡುತ್ತಾರೆ. ರೈಲು ಇಳಿಯುವುದೇ ತಡ, ಕಣ್ಣಿಗೆ ಬೀಳುವುದು ಗೋಳಗುಮ್ಮಟ. ನೇರ ಅಲ್ಲಿಗೇ ಹೋಗಿ ಏಳು ಅಂತಸ್ತಿನ ಇಕ್ಕಟ್ಟಾದ ಮೆಟ್ಟಿಲು ಹತ್ತಿ, ಮೇಲೆ ನಿಂತು ಚಪ್ಪಾಳೆ ತಟ್ಟಿ, ಕೂಗಿ, ಪ್ರತಿಧ್ವನಿ ಎಣಿಸಿ ಇಳಿಯುತ್ತಾರೆ. ಬಿಸಿಲು ಏರುವ ಮುಂಚೆ ಸಾಧ್ಯವಾದರೆ ಇಬ್ರಾಹಿಂ ರೋಜಾ, ದಾರಿಯಲ್ಲಿ ದೊಡ್ಡ ತೋಪಿನ ಪಕ್ಕ ಒಂದು ಫೋಟೊ. ಮಧ್ಯಾಹ್ನದ ಊಟಕ್ಕೆ ಬಸ್ಸು ಬಾದಾಮಿಯ ಕಡೆಗೋ ಸೊಲ್ಲಾಪುರದ ಕಡೆಗೋ ಹೊರಟಿರುತ್ತದೆ. ಸುಮಾರು ಎರಡು ಶತಮಾನ ಆಳಿದ ಒಂದು ರಾಜಧಾನಿಗೆ ಸಿಗುವ ವೇಳೆ ಅರ್ಧ ದಿನ.

ಅರ್ಧ ದಿನ ಎಂಬುದಕ್ಕಿಂತ ದೊಡ್ಡ ತೊಡಕು ಈ ದಾರಿಯ ದಿಕ್ಕು. ಆದಿಲಶಾಹಿ ಅರಸರು ಕಟ್ಟಿ ಪೂರೈಸಿದ ದೊಡ್ಡ ಕಟ್ಟಡಗಳ ಸಾಲಿನಲ್ಲಿ ಗೋಳಗುಮ್ಮಟ ಬಹುತೇಕ ಕೊನೆಯದು. ಅದರ ಕೆಲಸ ಮುಗಿದದ್ದು 1656ರ ಸುಮಾರಿಗೆ. ಮುಂದಿನ ಮೂವತ್ತು ವರ್ಷಗಳಲ್ಲಿ ರಾಜ್ಯವೇ ಮುಗಿಯಿತು. ಅದನ್ನೇ ಮೊದಲು ನೋಡಿದವರಿಗೆ ಉಳಿದದ್ದೆಲ್ಲ ಚಿಕ್ಕದಾಗಿ, ಚದುರಿದಂತೆ, ಒಂದಕ್ಕೊಂದು ಸಂಬಂಧವಿಲ್ಲದ ಹಾಳುಗೋಡೆಗಳಂತೆ ತೋರುವುದು ಸಹಜ.

ಇದಕ್ಕೆ ಪ್ರವಾಸಿಗರನ್ನು ದೂರುವಂತಿಲ್ಲ. 1884ರಲ್ಲಿ ಗದಗಿನಿಂದ ಹೋಟಗಿಗೆ ಹೋಗುವ ರೈಲು ಮಾರ್ಗ ಬಂದಾಗ ಅದು ಊರಿನ ಪೂರ್ವದ ಅಂಚಿನಲ್ಲಿ ಹಾದುಹೋಯಿತು. ಅಂದಿನಿಂದ ವಿಜಾಪುರಕ್ಕೆ ಪೂರ್ವವೇ ಮುಂಬಾಗಿಲು. ಅರಸರ ಕಾಲದ ಊರು ಮುಖ ಮಾಡಿದ್ದು ಪಶ್ಚಿಮಕ್ಕೆ. ಮೆಕ್ಕಾ ದರವಾಜೆ ಅಲ್ಲಿದೆ. ಇಬ್ರಾಹಿಂ ರೋಜಾ, ತಾಜ್ ಬಾವಡಿ, ಚಾಂದ್ ಬಾವಡಿ, ದೊಡ್ಡ ತೋಪುಗಳ ಬುರುಜುಗಳು, ಕಟ್ಟುತ್ತಲೇ ಹಾಳಾದ ಎರಡನೆಯ ರಾಜಧಾನಿ ನವರಸಪುರ, ಎಲ್ಲವೂ ಅದೇ ದಿಕ್ಕಿನಲ್ಲಿವೆ. ಅದಕ್ಕೆ ಒಂದು ಮುಖ್ಯ ಕಾರಣ ಕಣ್ಣಿಗೆ ಕಾಣದಂಥದು. ಊರಿಗೆ ನೀರು ಬರುತ್ತಿದ್ದದ್ದು ಪಶ್ಚಿಮದಿಂದ.

ನದಿಯಿಲ್ಲದ ಊರು

ದೆಹಲಿಗೆ, ಆಗ್ರಾಕ್ಕೆ ಯಮುನೆ ಇದ್ದಾಳೆ. ಹಂಪಿಗೆ ತುಂಗಭದ್ರೆ. ವಿಜಾಪುರಕ್ಕೆ ನದಿ ಇಲ್ಲ. ಕೃಷ್ಣೆ ದಕ್ಷಿಣಕ್ಕೆ, ಭೀಮೆ ಉತ್ತರಕ್ಕೆ, ಎರಡೂ ದೂರ. ನಡುವೆ ಹರಿಯುವ ಡೋಣಿಯ ದಂಡೆಯಲ್ಲಿ ಜೋಳ ಚೆನ್ನಾಗಿ ಬೆಳೆಯುತ್ತದೆ ನಿಜ, ಆದರೆ ನೀರು ಸವಳು. ಮಳೆ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು, ಅದೂ ನಂಬುವಂತಿಲ್ಲ. ಊರಿನ ಕೆಳಗೆ ತೆಳ್ಳನೆಯ ಮಣ್ಣಿನ ಪದರ, ಅದರಡಿ ಕರಿಗಲ್ಲು. ಕೋಟೆ ಕಟ್ಟಲು ಇಂಥ ನೆಲ ಒಳ್ಳೆಯದು, ಬಾವಿ ತೋಡಲು ಕಷ್ಟ.

ಊರು ಆದಿಲಶಾಹಿಗಳಿಗಿಂತ ಹಳೆಯದು. ವಿಜಯಪುರ ಎಂಬ ಹೆಸರು ಚಾಲುಕ್ಯರ ಕಾಲದ್ದು. ಅದೇ ಹೆಸರು 2014ರ ನವೆಂಬರ್ 1ರಂದು ಅಧಿಕೃತವಾಗಿ ಮರಳಿ ಬಂದಿದೆ. ಜನರ ಬಾಯಲ್ಲಿ ಎರಡೂ ನಡೆಯುತ್ತವೆ. ಅರಕಿಲ್ಲೆಯ ಬಳಿಯ ಕರೀಮುದ್ದೀನ್ ಮಸೀದಿ 1320ರದ್ದು, ಹಳೆಯ ದೇಗುಲಗಳ ಕಂಬಗಳನ್ನೇ ಬಳಸಿ ಎಬ್ಬಿಸಿದ್ದು. ಬಹಮನಿ ಸುಲ್ತಾನರ ಅಧಿಕಾರಿಯಾಗಿ ಇಲ್ಲಿಗೆ ಬಂದ ಯೂಸುಫ್ ಆದಿಲ್ ಖಾನ್ 1490ರ ಹೊತ್ತಿಗೆ ಸ್ವತಂತ್ರನಾದ ಮೇಲೆ ಅದು ರಾಜಧಾನಿಯಾಯಿತು.

ಊರಿನ ಗಾತ್ರ ಬದಲಾದದ್ದು 1565ರಲ್ಲಿ. ಆ ವರ್ಷದ ಜನವರಿಯಲ್ಲಿ ರಕ್ಕಸಗಿ-ತಂಗಡಗಿಯ ಕಾಳಗ ನಡೆದು ವಿಜಯನಗರ ಬಿತ್ತು. ಗೆದ್ದವರಲ್ಲಿ ಒಬ್ಬನಾದ ಒಂದನೆಯ ಅಲಿ ಆದಿಲಶಾಹನಿಗೆ ಹಣ ಬಂತು, ನೆಲ ಬಂತು, ಜೊತೆಗೆ ಜನವೂ ಬಂದರು. ಅದೇ ಹೊತ್ತಿಗೆ ಅವನು ಊರಿನ ಸುತ್ತ ಸುಮಾರು 10 ಕಿಲೋಮೀಟರ್ ಉದ್ದದ ಕೋಟೆ ಗೋಡೆಯನ್ನು ಪೂರೈಸಿದ. ಕಲ್ಲಿಗೆ ಕೊರತೆಯಿರಲಿಲ್ಲ. ಆದರೆ ಗೋಡೆಯ ಒಳಗೆ ಬಂದು ತುಂಬಿದವರು ಕುಡಿಯುವುದೇನು? ಆದಿಲಶಾಹಿ ವಿಜಾಪುರದ ಅರ್ಧ ಕಟ್ಟಡಗಳು ಈ ಪ್ರಶ್ನೆಗೆ ಕೊಟ್ಟ ಉತ್ತರಗಳು.

ಉತ್ತರ ಬಂದದ್ದು ಇರಾನಿನಿಂದ. ಅಲ್ಲಿನ ಒಣ ನಾಡುಗಳಲ್ಲಿ ಸಾವಿರಾರು ವರ್ಷಗಳಿಂದ ಬಳಕೆಯಲ್ಲಿದ್ದ ವಿಧಾನಕ್ಕೆ ಕರೇಜ್ ಎಂದು ಹೆಸರು. ಎತ್ತರದ ಜಾಗದಲ್ಲಿ, ನೆಲದಡಿಯ ನೀರು ಸಿಗುವ ಕಡೆ ಒಂದು ತಾಯಿಬಾವಿ ತೋಡುತ್ತಾರೆ. ಅಲ್ಲಿಂದ ಊರಿನ ಕಡೆಗೆ ಒಂದೇ ಸಾಲಿನಲ್ಲಿ ಬಾವಿಗಳನ್ನು ತೋಡುತ್ತ ಬಂದು, ಅವುಗಳ ತಳವನ್ನು ಸುರಂಗದಿಂದ ಜೋಡಿಸುತ್ತಾರೆ. ಸುರಂಗದ ಇಳಿಜಾರು ತೀರ ಅಲ್ಪ. ಹೆಚ್ಚಾದರೆ ನೀರು ನುಗ್ಗಿ ಗೋಡೆ ಕೊರೆಯುತ್ತದೆ, ಕಡಿಮೆಯಾದರೆ ನಿಂತು ಹೂಳು ತುಂಬುತ್ತದೆ. ನಡುವಿನ ಬಾವಿಗಳು ಗಾಳಿ-ಬೆಳಕಿಗೆ, ಹೂಳೆತ್ತುವವರು ಇಳಿಯುವುದಕ್ಕೆ. ಏತವೂ ಬೇಡ, ಎತ್ತೂ ಬೇಡ; ನೀರು ತನ್ನ ಭಾರದಿಂದಲೇ ನಡೆದು ಬರುತ್ತದೆ. ಬಿಸಿಲಿಗೆ ಆರುವುದಿಲ್ಲ. ಮುತ್ತಿಗೆ ಹಾಕಿದ ಶತ್ರುವಿಗೆ ಸುಲಭದಲ್ಲಿ ಕಾಣಿಸುವುದೂ ಇಲ್ಲ. ಬಹಮನಿಗಳ ಬೀದರಿನಲ್ಲಿಯೂ ಇಂಥದೇ ಸುರಂಗವಿದೆ.

ವಿಜಾಪುರಕ್ಕೆ ತಾಯಿಬಾವಿಯ ಜಾಗವಾದದ್ದು ಪಶ್ಚಿಮಕ್ಕೆ ಸುಮಾರು ಐದು ಕಿಲೋಮೀಟರ್ ದೂರದ ತೊರವಿ. ಒಂದನೆಯ ಅಲಿಯ ಕಾಲಕ್ಕೆ ಆರಂಭವಾದ ಈ ಕೆಲಸವನ್ನು ಅವನ ನಂತರದವರು ಬೆಳೆಸಿದರು. ಮುಂದೆ ಅದೂ ಸಾಲದಾದಾಗ ಮೊಹಮ್ಮದ್ ಆದಿಲಶಾಹ 1651ರಲ್ಲಿ ಊರಿನ ದಕ್ಷಿಣಕ್ಕೆ ಬೇಗಂ ತಲಾಬ್ ಎಂಬ ಕೆರೆ ಕಟ್ಟಿಸಿ, ಅಲ್ಲಿಂದ ಗಾರೆಯಲ್ಲಿ ಹುದುಗಿಸಿದ ಮಣ್ಣಿನ ಕೊಳವೆಗಳಲ್ಲಿ ನೀರು ತರಿಸಿದ.

ಊರೊಳಗೆ ಅಲ್ಲಲ್ಲಿ ಕಾಣುವ, ಕಿಟಕಿ-ಬಾಗಿಲಿಲ್ಲದ ಚೌಕಾಕಾರದ ಕಲ್ಲಿನ ಗೋಪುರಗಳು ಈ ವ್ಯವಸ್ಥೆಯ ಭಾಗ. ಗಂಜ್ ಎಂದು ಅವನ್ನು ಕರೆಯುತ್ತಾರೆ. ಕೆಲವು 25 ಅಡಿ, ಕೆಲವು 40 ಅಡಿ ಎತ್ತರ. ಮುಚ್ಚಿದ ಕೊಳವೆಯಲ್ಲಿ ಇಳಿಜಾರಿನಿಂದ ಬರುವ ನೀರಿನ ಒತ್ತಡ ಏರುತ್ತ ಹೋದರೆ ಮಣ್ಣಿನ ಕೊಳವೆ ಒಡೆಯುತ್ತದೆ. ಆದ್ದರಿಂದ ದಾರಿಯಲ್ಲಿ ಒಂದೊಂದು ಕಡೆ ನೀರನ್ನು ಗೋಪುರದೊಳಗೆ ಮೇಲೇರಲು ಬಿಡುತ್ತಾರೆ. ಅಲ್ಲಿ ಒತ್ತಡ ತಗ್ಗುತ್ತದೆ, ಕೆಸರು ತಳ ಸೇರುತ್ತದೆ, ತಿಳಿನೀರು ಮುಂದಿನ ಕೊಳವೆಗೆ ಇಳಿಯುತ್ತದೆ. ಇಂದಿನ ನೀರು ಸರಬರಾಜು ಎಂಜಿನಿಯರುಗಳಿಗೂ ಈ ತತ್ವ ಹೊಸದೇನಲ್ಲ. ಪ್ರವಾಸಿಗರು ಮಾತ್ರ ಇವನ್ನು ಯಾವುದೋ ಮುರಿದ ಕಾವಲುಗೋಪುರವೆಂದು ತಿಳಿದು ಮುಂದೆ ಹೋಗುತ್ತಾರೆ.

ತೊರವಿಯಿಂದ ಹೊರಟರೆ

ಹಾಗಾಗಿ ವಿಜಾಪುರವನ್ನು ಅದರ ಕ್ರಮದಲ್ಲೇ ನೋಡಬೇಕೆನ್ನುವವರು ಬೆಳಿಗ್ಗೆ ಗೋಳಗುಮ್ಮಟಕ್ಕೆ ಬೆನ್ನುಮಾಡಿ, ಊರು ದಾಟಿ ತೊರವಿಗೆ ಹೋಗಬೇಕು. ಕನ್ನಡಿಗರಿಗೆ ಆ ಹೆಸರು ಅಪರಿಚಿತವಲ್ಲ. ತೊರವೆ ರಾಮಾಯಣದ ತೊರವೆ ಇದೇ. ಕುಮಾರ ವಾಲ್ಮೀಕಿ ಎಂದು ಹೆಸರಾದ ಕವಿ ತನ್ನ ಕಾವ್ಯಕ್ಕೆ ಅಂಕಿತ ಮಾಡಿಕೊಂಡದ್ದು ಈ ಊರಿನ ನರಸಿಂಹನನ್ನು. ಭಾಮಿನಿ ಷಟ್ಪದಿಯ ರಾಮಾಯಣ ಹುಟ್ಟಿದ ಊರಿನ ನೆಲದಡಿಯಿಂದ ಸುಲ್ತಾನರ ರಾಜಧಾನಿಗೆ ಕುಡಿಯುವ ನೀರು ಹೋಗುತ್ತಿತ್ತು. ಮಾರ್ಗದರ್ಶಿಗಳ ಕಥೆಗಳಲ್ಲಿ ಇದು ಬರುವುದಿಲ್ಲ, ಬರಬೇಕಿತ್ತು.

ಸುರಂಗದ ಒಂದು ಬಾಯಿ, ಸುರಂಗ ಬಾವಡಿ, ಈ ಕಡೆ ಇದೆ. 2020ರ ವರ್ಲ್ಡ್ ಮಾನ್ಯುಮೆಂಟ್ಸ್ ವಾಚ್ ಪಟ್ಟಿಗೆ ಇದು ಸೇರಿದಾಗಲೇ ವಿಜಾಪುರದ ಹೊರಗಿನ ಅನೇಕರಿಗೆ ಹೀಗೊಂದು ಇದೆಯೆಂದು ಗೊತ್ತಾದದ್ದು.

ತೊರವಿಯ ಪಕ್ಕದಲ್ಲೇ ನವರಸಪುರದ ಅವಶೇಷ. ಎರಡನೆಯ ಇಬ್ರಾಹಿಂ ಆದಿಲಶಾಹ (1580-1627) ಈ ವಂಶದ ಅರಸರಲ್ಲೆಲ್ಲ ಬೇರೆ ಬಗೆಯವನು. ದಖನಿ ಭಾಷೆಯಲ್ಲಿ 'ಕಿತಾಬ್-ಎ-ನವರಸ್' ಎಂಬ ಹಾಡುಗಳ ಸಂಕಲನ ಮಾಡಿದವನು, ಅದರಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ನೆನೆದವನು. ಪ್ರಜೆಗಳು ಅವನನ್ನು ಜಗದ್ಗುರು ಬಾದಶಹ ಎಂದು ಕರೆದರು. ತನ್ನ ಆನೆ ಆತಶ್ ಖಾನನ ಮೇಲೆ, ತನ್ನ ತಂಬೂರಿ ಮೋತಿ ಖಾನನ ಮೇಲೆ ಪ್ರೀತಿಯಿಂದ ಹಾಡು ಕಟ್ಟಿದ ಅರಸ ಅವನು. ತಂಬೂರಿಗೆ ಖಾನ್ ಪದವಿ ಕೊಟ್ಟ ದೊರೆ ಇನ್ನೊಬ್ಬನಿದ್ದಾನೋ ಇಲ್ಲವೋ. ಒಂಬತ್ತು ರಸಗಳ ಹೆಸರಿನ ಹೊಸ ನಗರವನ್ನು ಅವನು 1599ರಲ್ಲಿ ಆರಂಭಿಸಿದ. ಜಾಗ ಆರಿಸಿದ್ದು ನೀರಿನ ಮೂಲದ ಹತ್ತಿರ. ನಗರ ಪೂರ್ತಿಯಾಗುವ ಮೊದಲೇ, 1624ರಲ್ಲಿ, ಅಹಮದನಗರದ ಸೇನಾನಿ ಮಲಿಕ್ ಅಂಬರ್ ನುಗ್ಗಿ ಅದನ್ನು ಹಾಳುಮಾಡಿದ. ಈಗ ಉಳಿದಿರುವುದರಲ್ಲಿ ಮುಖ್ಯವಾದುದು ಸಂಗೀತ ಮಹಲಿನ ಎತ್ತರದ ಕಮಾನು ಮತ್ತು ಅದರ ಮುಂದಿನ ಕೊಳ. ಸಂಜೆಯ ಬೆಳಕಿನಲ್ಲಿ ಅದನ್ನು ನೋಡಿದವರಿಗೆ ಗೋಳಗುಮ್ಮಟದ ಗದ್ದಲಕ್ಕಿಂತ ಇದು ಹೆಚ್ಚು ದಿನ ನೆನಪಿನಲ್ಲಿ ಉಳಿಯುತ್ತದೆ.

ಅಲ್ಲಿಂದ ಊರಿನ ಕಡೆಗೆ ಹೊರಳಿದರೆ ಕೋಟೆಗೋಡೆಯ ಹೊರಗೆ ಇಬ್ರಾಹಿಂ ರೋಜಾ. ಇದೇ ಇಬ್ರಾಹಿಂ ತನ್ನ ರಾಣಿ ತಾಜ್ ಸುಲ್ತಾನಾಳಿಗಾಗಿ ಆರಂಭಿಸಿದ ಗೋರಿ. ಆದರೆ ರಾಣಿಗಿಂತ ಮುಂಚೆ ತೀರಿಕೊಂಡವನು ರಾಜ. ಅವನನ್ನೂ ಇಲ್ಲಿಯೇ ಮಣ್ಣು ಮಾಡಿದರು. ಕಟ್ಟಿದವನು ಮಲಿಕ್ ಸಂದಲ್, ಪೂರ್ತಿಯಾದದ್ದು 1626ರಲ್ಲಿ. ಒಂದೇ ಜಗತಿಯ ಮೇಲೆ ಗೋರಿ ಮತ್ತು ಮಸೀದಿ ಎದುರುಬದುರು, ನಡುವೆ ಕಾರಂಜಿಯ ಕೊಳ. ಗೋರಿಯ ಕೋಣೆಯ ಚಾವಣಿ ಸುಮಾರು 40 ಅಡಿ ಚೌಕ. ಕಲ್ಲಿನ ಹಲಗೆಗಳನ್ನು ಅಂಚಿಗೆ ಅಂಚು ಕೂಡಿಸಿ ಸಪಾಟಾಗಿ ತೂಗಿಬಿಟ್ಟಂತಿದೆ. ನಡುವೆ ಕಂಬವಿಲ್ಲ, ತೊಲೆಯಿಲ್ಲ. ಗಟ್ಟಿಯಾದ ಗಾರೆಯ ಹಿಡಿತವೇ ಅದನ್ನು ನಿಲ್ಲಿಸಿದೆ. ಕಿಟಕಿಗಳಲ್ಲಿ ಕಲ್ಲನ್ನೇ ಅಕ್ಷರಗಳ ಜಾಲರಿಯಾಗಿ ಕೊರೆದಿದ್ದಾರೆ. ಒಳಗೆ ಬರುವ ಬೆಳಕು ಅಕ್ಷರಗಳ ಸಂದಿನಿಂದಲೇ ಬರಬೇಕು. ತಾಜಮಹಲಿಗೆ ಇದೇ ಪ್ರೇರಣೆ ಎಂದು ಹೇಳದೆ ಬಿಡುವ ಮಾರ್ಗದರ್ಶಿ ಇಲ್ಲ. ಹೇಳಿಕೆಗೆ ಪುರಾವೆ ಇಲ್ಲ, ಕಟ್ಟಡಕ್ಕೆ ಆ ಶಿಫಾರಸಿನ ಅಗತ್ಯವೂ ಇಲ್ಲ.

ಬಾವಡಿಗಳು, ಬುರುಜುಗಳು

ಮೆಕ್ಕಾ ದರವಾಜೆಯ ಒಳಗೆ ಕಾಲಿಡುತ್ತಲೇ ತಾಜ್ ಬಾವಡಿ. ಊರು ಹೊಕ್ಕ ಪ್ರಯಾಣಿಕ, ಅವನ ಕುದುರೆ, ಒಂಟೆ, ಎಲ್ಲರಿಗೂ ಮೊದಲು ಬೇಕಾದದ್ದು ನೀರು, ಮತ್ತು ನೆರಳು. ಸುಮಾರು 1620ರಲ್ಲಿ, ಅದೇ ರಾಣಿಯ ಹೆಸರಿನಲ್ಲಿ, ಅದೇ ಮಲಿಕ್ ಸಂದಲ್ ಕಟ್ಟಿದ್ದು. ಎರಡು ಎಂಟುಮೂಲೆಯ ಗೋಪುರಗಳ ನಡುವಿನ ದೊಡ್ಡ ಕಮಾನಿನ ಕೆಳಗಿನಿಂದ ಮೆಟ್ಟಿಲು ನೀರಿಗೆ ಇಳಿಯುತ್ತದೆ. ಬಾವಡಿ ಎಂದರೂ ಕೊಳವೆನ್ನುವಷ್ಟು ದೊಡ್ಡದು: ಸುಮಾರು 223 ಅಡಿ ಚೌಕ, 50 ಅಡಿಗೂ ಹೆಚ್ಚು ಆಳ. ಗೋಪುರಗಳ ಪಕ್ಕದ ಕೋಣೆಗಳಲ್ಲಿ ದಾರಿಹೋಕರು ತಂಗುತ್ತಿದ್ದರು. ಇದಕ್ಕೆ ಮಾದರಿಯಾದದ್ದು ಉತ್ತರಕ್ಕೆ ಶಹಾಪುರ ದರವಾಜೆಯ ಬಳಿ 1579ರಲ್ಲಿ ಒಂದನೆಯ ಅಲಿ ತನ್ನ ಪತ್ನಿ ಚಾಂದ್ ಬೀಬಿಯ ಹೆಸರಿನಲ್ಲಿ ಕಟ್ಟಿಸಿದ ಚಾಂದ್ ಬಾವಡಿ. ಮುಂದೆ ಅಹಮದನಗರದ ಕೋಟೆಯಲ್ಲಿ ಮೊಗಲರನ್ನು ಎದುರಿಸಿ ಹೆಸರಾದ ಚಾಂದ್ ಬೀಬಿ ಇವಳೇ.

ಮನೆಮನೆಗೆ ನಲ್ಲಿ ಬಂದ ಮೇಲೆ ಬಾವಡಿಗಳಿಗೆ ಕೇಡುಗಾಲ ಬಂತು. ಕುಡಿಯುವ ನೀರಿನ ತಾಣ ಬಟ್ಟೆ ಒಗೆಯುವ ತಾಣವಾಯಿತು, ಆಮೇಲೆ ಕಸ ಎಸೆಯುವ, ಹಬ್ಬದ ಮೂರ್ತಿ ಮುಳುಗಿಸುವ ತಾಣವಾಯಿತು. ಕಳೆದ ದಶಕದಲ್ಲಿ ತಾಜ್ ಬಾವಡಿಯೂ ಸೇರಿ ಹಲವು ಹಳೆಯ ಬಾವಡಿಗಳ ಹೂಳೆತ್ತುವ ಕೆಲಸ ನಡೆಯಿತು. ಹೂಳು ತೆಗೆದಾಗ ಒರತೆ ಮತ್ತೆ ಕಾಣಿಸಿಕೊಂಡಿತು ಎಂಬುದೇ ಹಳೆಯ ಕೆಲಸಗಾರರ ಲೆಕ್ಕಾಚಾರ ಎಷ್ಟು ಸರಿಯಿತ್ತೆಂದು ಹೇಳುತ್ತದೆ. ಆದರೆ ಹೂಳೆತ್ತುವುದು ಒಮ್ಮೆ ಮಾಡಿ ಮುಗಿಸುವ ಕೆಲಸವಲ್ಲ. ಊರು ಪಶ್ಚಿಮಕ್ಕೆ ಬೆಳೆಯುತ್ತಿದೆ. ಮನೆಯ ಪಾಯ ತೆಗೆಯುವವರಿಗೆ ನೆಲದಡಿಯ ಸುರಂಗ ಕಾಣುವುದಿಲ್ಲ, ಹಳೆಯ ಗಾಳಿಬಾವಿ ಕಸ ತುಂಬಲು ಅನುಕೂಲವಾದ ಗುಂಡಿಯಂತೆ ಕಾಣುತ್ತದೆ. ಕರೇಜಿನ ಸಾಲಿನಲ್ಲಿ ಒಂದು ಕಡೆ ಮುಚ್ಚಿದರೆ ಅದರಾಚೆಯದೆಲ್ಲ ಒಣಗಿದ ಹಾಗೆಯೇ. ಗುಮ್ಮಟ ಬಿರುಕು ಬಿಟ್ಟರೆ ಮರುದಿನವೇ ಸುದ್ದಿ. ಸುರಂಗ ಕುಸಿದರೆ ವರದಿ ಮಾಡುವುದಕ್ಕೂ ಯಾರೂ ನೋಡಿರುವುದಿಲ್ಲ.

ಬಾವಡಿಗಳ ಈ ಪಶ್ಚಿಮದ ಅಂಚಿನಲ್ಲೇ ಕೋಟೆಯ ಎರಡು ಹೆಸರಾಂತ ಬುರುಜುಗಳಿವೆ. ಉಪಲಿ ಬುರುಜು 1584ರಲ್ಲಿ ಹೈದರ್ ಖಾನ್ ಕಟ್ಟಿಸಿದ್ದು, ಸುಮಾರು 80 ಅಡಿ ಎತ್ತರ, ಹೊರಗಿನಿಂದ ಸುತ್ತಿಕೊಂಡು ಏರುವ ಮೆಟ್ಟಿಲು. ಮೇಲೆ 30 ಅಡಿಗೂ ಉದ್ದದ ತೋಪು. ಇಡೀ ಊರನ್ನು ಒಂದೇ ನೋಟದಲ್ಲಿ ಕಾಣಬೇಕೆನ್ನುವವರು ಹತ್ತಬೇಕಾದ್ದು ಇಲ್ಲಿಗೆ. ಇನ್ನೊಂದು ಶೇರ್ಜಾ ಬುರುಜು, ಅದರ ಮೇಲೆ ಮಲಿಕ್-ಎ-ಮೈದಾನ್. 1549ರಲ್ಲಿ ಅಹಮದನಗರದಲ್ಲಿ ಮೊಹಮ್ಮದ್ ಬಿನ್ ಹಸನ್ ರೂಮಿ ಎರಕ ಹೊಯ್ದ ಈ ತೋಪಿನ ತೂಕ 55 ಟನ್ ಎನ್ನುತ್ತಾರೆ. ಬಾಯಿಯ ಸುತ್ತ ಆನೆಯನ್ನು ನುಂಗುತ್ತಿರುವ ಸಿಂಹದ ಮುಖ. ಸುಡುಬಿಸಿಲಿನಲ್ಲೂ ಮುಟ್ಟಿದರೆ ತಣ್ಣಗಿರುತ್ತದೆ ಎನ್ನುತ್ತಾರೆ, ಬೆರಳಿನಿಂದ ತಟ್ಟಿದರೆ ಗಂಟೆಯಂತೆ ಗುಂಯ್‌ಗುಡುತ್ತದೆ. 1854ರಲ್ಲಿ ಬ್ರಿಟಿಷ್ ಅಧಿಕಾರಿಗಳು ಇದನ್ನು ಹಳೆಯ ಲೋಹವೆಂದು ಹರಾಜಿಗಿಟ್ಟಾಗ ಬಂದ ಹೆಚ್ಚಿನ ಬೆಲೆ 150 ರೂಪಾಯಿ! ಸದ್ಯ, ಮಾರಾಟ ರದ್ದಾಯಿತು.

ಅರಕಿಲ್ಲೆಯಲ್ಲಿ

ಊರಿನ ನಡುವೆ, ತನ್ನದೇ ಗೋಡೆ ಮತ್ತು ಕಂದಕ ಇದ್ದ ಒಳಕೋಟೆ ಅರಕಿಲ್ಲೆ. ಈಗ ಅದರೊಳಗೆ ಸರ್ಕಾರಿ ಕಚೇರಿಗಳು, ರಸ್ತೆಗಳು. ನೀರಿನ ಜಾಡು ಇಲ್ಲಿಯೂ ಸಿಗುತ್ತದೆ. ಸಾತ್ ಮಂಜಿಲ್ ಹೆಸರಿಗೆ ಏಳು ಅಂತಸ್ತು, ಉಳಿದಿರುವುದು ಐದು. ಇದರ ಗೋಡೆಗಳ ಒಳಗೆ ಕೊಳವೆಗಳನ್ನು ಹುದುಗಿಸಿ ಮೇಲಿನ ಅಂತಸ್ತಿನ ಸ್ನಾನದ ತೊಟ್ಟಿಗಳಿಗೆ ನೀರು ಏರಿಸಿದ್ದರು. ಎದುರಿಗೆ ಒಂದು ಪುಟ್ಟ ಮಂಟಪ, ಜಲಮಂದಿರ. ಹಿಂದೆ ಅದು ಕೊಳದ ನಡುವೆ ಇತ್ತು. ಈಗ ಸುತ್ತಲೂ ರಸ್ತೆ, ಮಂಟಪದ ಕೆತ್ತನೆಗೆ ದೂಳು. 1561ರ ಗಗನ ಮಹಲಿನ ಮುಂದಿನ ಕಮಾನು ಸುಮಾರು 60 ಅಡಿ ಅಗಲ. ತೊರವಿಯ ಸಂಗೀತ ಮಹಲನ್ನು ಮೊದಲು ನೋಡಿ ಬಂದವರಿಗೆ ಅದರ ಮೂಲ ಯಾವುದೆಂದು ಇಲ್ಲಿ ತಟ್ಟನೆ ತಿಳಿಯುತ್ತದೆ. ಕಂದಕದಾಚೆ ಅಸರ್ ಮಹಲ್, 1646ರಲ್ಲಿ ಮೊಹಮ್ಮದ್ ಆದಿಲಶಾಹ ನ್ಯಾಯಾಲಯವಾಗಿ ಕಟ್ಟಿಸಿದ್ದು. ನಂತರ ಪೈಗಂಬರರ ಕೇಶವನ್ನು ಇಲ್ಲಿಟ್ಟಿದ್ದರಿಂದ ಅದು ಪವಿತ್ರ ಸ್ಥಳವಾಯಿತು. ಎತ್ತರದ ಮರದ ಕಂಬಗಳ ಮುಂದೆ ತುಂಬಿದ ಕೊಳ. ಹಿಂದಿನ ಕಾಲದ ಒಂದು ಅರಮನೆಯ ಮುಂದೆ ನೀರು ಹೇಗೆ ಕಾಣುತ್ತಿತ್ತೆಂದು ಊಹೆಯಿಲ್ಲದೆ ನೋಡಬಹುದಾದ ಜಾಗ ಊರೊಳಗೆ ಇದೊಂದೇ ಎನ್ನಬೇಕು.

ಅರಕಿಲ್ಲೆಯ ಉತ್ತರಕ್ಕೆ ಬಾರಾ ಕಮಾನ್. ಕರಿಗಲ್ಲಿನ ಕಮಾನುಗಳ ಸಾಲುಸಾಲು, ಮೇಲೆ ಚಾವಣಿಯಿಲ್ಲ. ಎರಡನೆಯ ಅಲಿ ಆದಿಲಶಾಹನ ಗೋರಿ ಇದು. ಇದರ ನೆರಳು ಗೋಳಗುಮ್ಮಟದ ಮೇಲೆ ಬೀಳುತ್ತದೆಂದು ಅವನ ತಂದೆ ಮೊಹಮ್ಮದ್ ಆದಿಲಶಾಹನೇ ಕೆಲಸ ನಿಲ್ಲಿಸಿದ ಎಂಬ ಕಥೆ ಊರಿನಲ್ಲಿ ಎಲ್ಲರ ಬಾಯಲ್ಲೂ ಇದೆ. ತಂದೆ ತೀರಿಕೊಂಡದ್ದು 1656ರಲ್ಲಿ, ಮಗ ಪಟ್ಟಕ್ಕೆ ಬಂದದ್ದು ಆಮೇಲೆ. ಅಷ್ಟು ದೂರದ ಗುಮ್ಮಟವನ್ನು ಮುಟ್ಟುವ ನೆರಳನ್ನು ಯಾವ ಸೂರ್ಯ ಬೀಳಿಸಬೇಕೋ! ನಿಜ ಸಂಗತಿ ಸರಳ, ಹೆಚ್ಚು ದುಃಖದ್ದು. ಮೊಗಲರು ಒಂದು ಕಡೆ, ಶಿವಾಜಿ ಇನ್ನೊಂದು ಕಡೆ ಒತ್ತುತ್ತಿದ್ದ ಕಾಲ ಅದು. 1672ರಲ್ಲಿ ಅಲಿ ತೀರಿಕೊಂಡಾಗ ಗದ್ದುಗೆಗೆ ಬಂದವನು ಬಾಲಕ ಸಿಕಂದರ. ಗೋರಿ ಪೂರ್ತಿ ಮಾಡಲು ಹಣವೂ ಇರಲಿಲ್ಲ, ಮನಸ್ಸುಳ್ಳವರೂ ಇರಲಿಲ್ಲ.

ಕೊನೆಗೆ ಗುಮ್ಮಟ

ಪೂರ್ವಕ್ಕೆ ನಡೆದರೆ ಮೆಹತರ್ ಮಹಲಿನ ನಾಜೂಕಿನ ಬಾಗಿಲು, ಮರಗೆಲಸದವನ ಉಳಿಯಿಂದ ಕಲ್ಲನ್ನು ಕೆತ್ತಿದಂತಿದೆ. ಅದನ್ನು ದಾಟಿದರೆ ಜಾಮಿ ಮಸೀದಿ. ಒಂದನೆಯ ಅಲಿ ಆರಂಭಿಸಿದ ಈ ಮಸೀದಿಯ ಮಿನಾರುಗಳು ಎಂದೂ ಪೂರ್ತಿಯಾಗಲಿಲ್ಲ. ಒಳಗಿನ ನೆಲದ ಮೇಲೆ ಒಬ್ಬೊಬ್ಬರಿಗೆ ಒಂದೊಂದರಂತೆ 2,250 ಚೌಕಗಳ ಗುರುತು ಹಾಕಿಸಿದವನು ಔರಂಗಜೇಬ್.

ಇಷ್ಟೆಲ್ಲ ನೋಡಿಕೊಂಡು ಬಂದವರಿಗೆ ಗೋಳಗುಮ್ಮಟದ ದೊಡ್ಡಸ್ತಿಕೆ ಬೇರೆ ರೀತಿಯಲ್ಲಿ ಅರ್ಥವಾಗುತ್ತದೆ. ಅಜ್ಜಿಯ ಕಾಲದ ಕೆತ್ತನೆ, ಜಾಲರಿ, ಕುಸುರಿಯನ್ನೆಲ್ಲ ಬಿಟ್ಟು ಮೊಹಮ್ಮದ್ ಆದಿಲಶಾಹ ಗಾತ್ರವೊಂದನ್ನೇ ನೆಚ್ಚಿದ. ತಂದೆಯ ರೋಜಾದ ಜೊತೆ ನಾಜೂಕಿನಲ್ಲಿ ಸ್ಪರ್ಧಿಸಿ ಗೆಲ್ಲುವಂತಿರಲಿಲ್ಲ. ಗುಮ್ಮಟದ ಹೊರವ್ಯಾಸ ಸುಮಾರು 144 ಅಡಿ, ಒಳಗೆ 124 ಅಡಿ, ತಳದಲ್ಲಿ ಗೋಡೆಯ ದಪ್ಪ ಹತ್ತು ಅಡಿ. ಕೆಳಗಿನ ಹಜಾರದ ನೆಲ 18,000 ಚದರ ಅಡಿಗೂ ಹೆಚ್ಚು, ನಡುವೆ ಒಂದೂ ಕಂಬವಿಲ್ಲ.

ಚೌಕ ಕೋಣೆಯ ಮೇಲೆ ದುಂಡು ಗುಮ್ಮಟ ಕೂಡಿಸುವುದೇ ಇಲ್ಲಿನ ಕಸುಬು. ಎಂಟು ಕಮಾನುಗಳನ್ನು, ಒಂದು ಚೌಕದ ಮೇಲೆ ಇನ್ನೊಂದು ಚೌಕವನ್ನು ಓರೆಯಾಗಿಟ್ಟ ಹಾಗೆ, ಒಂದನ್ನೊಂದು ಕತ್ತರಿಸುವಂತೆ ಎಬ್ಬಿಸಿದ್ದಾರೆ. ಅವು ಮೇಲೇರುತ್ತ ಒಳಗೆ ಬಾಗಿ, ಚೌಕವನ್ನು ಮೊದಲು ಎಂಟುಮೂಲೆ ಮಾಡಿ, ಆಮೇಲೆ ದುಂಡಗಿನ ಕಟ್ಟೆ ಮಾಡುತ್ತವೆ. ಗುಮ್ಮಟದ ಭಾರ ಹೊರಕ್ಕೆ ತಳ್ಳುತ್ತದೆ. ಒಳಕ್ಕೆ ಚಾಚಿದ ಈ ಕಲ್ಲುಗಳ ಭಾರ ಅದನ್ನು ಒಳಕ್ಕೆ ಎಳೆದು ಸರಿದೂಗಿಸುತ್ತದೆ. ಆ ಕಟ್ಟೆಯೇ ನೆಲದಿಂದ ಸುಮಾರು 110 ಅಡಿ ಎತ್ತರದ ಪಿಸುಮಾತಿನ ಮೊಗಸಾಲೆ. ಗೋಡೆಗೆ ಬಾಯಿ ಹಚ್ಚಿ ಆಡಿದ ಮಾತು ಬಾಗಿದ ಗೋಡೆಯನ್ನೇ ಹಿಡಿದು ಸಾಗಿ ಎದುರಿನವರ ಕಿವಿಗೆ ಮುಟ್ಟುತ್ತದೆ. ಶಾಲಾ ಪ್ರವಾಸದ ಬಸ್ಸುಗಳು ಬಂದ ಮೇಲೆ ಇದು ಸಾಧ್ಯವಿಲ್ಲ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋದವರಿಗೆ ಮಾತ್ರ ಪಿಸುಮಾತು ಪಿಸುಮಾತಾಗಿ ಕೇಳುತ್ತದೆ.

ಗುಮ್ಮಟದ ಹೊರಮೊಗಸಾಲೆಯಲ್ಲಿ ನಿಂತು ಪಶ್ಚಿಮಕ್ಕೆ ನೋಡಿದರೆ ಬಂದ ದಾರಿಯೆಲ್ಲ ಕಾಣುತ್ತದೆ. 1685ರ ಏಪ್ರಿಲ್‌ನಲ್ಲಿ ಮೊಗಲರ ಸೇನೆ ಈ ಊರನ್ನು ಸುತ್ತುವರಿಯಿತು. ಮುತ್ತಿಗೆ ಹದಿನೇಳು ತಿಂಗಳು ನಡೆಯಿತು. ಬರಗಾಲ ಹೊರಗಿನ ಪಾಳೆಯವನ್ನೂ ಒಳಗಿನ ಊರನ್ನೂ ಸಮಾನವಾಗಿ ಕಾಡಿತು. 1686ರ ಸೆಪ್ಟೆಂಬರ್‌ನಲ್ಲಿ ಸಿಕಂದರ ಶರಣಾದ. ಮುಂದಿನ ಒಂದೆರಡು ವರ್ಷಗಳಲ್ಲಿ ಬಂದ ಪ್ಲೇಗು ಉಳಿದ ಜನರನ್ನೂ ಚದುರಿಸಿತು. ಜನವಿಲ್ಲದ ಊರಿನಲ್ಲಿ ಸುರಂಗಕ್ಕಿಳಿದು ಹೂಳು ತೆಗೆಯುವವರು ಯಾರು? ಎರಡು ಶತಮಾನದ ಬಳಿಕ, 1885ರಲ್ಲಿ, ಜಿಲ್ಲೆಯ ಕೇಂದ್ರವನ್ನು ಕಲಾದಗಿಯಿಂದ ಇಲ್ಲಿಗೆ ತಂದ ಬ್ರಿಟಿಷರು ಹಾಳುಬಿದ್ದ ಮಹಲುಗಳನ್ನೇ ಕಚೇರಿ, ಬಂಗಲೆ ಮಾಡಿಕೊಂಡರು. ಬುಖಾರಿ ಮಸೀದಿ ಅಂಚೆ ಕಚೇರಿಯಾಯಿತು, ಗೋಳಗುಮ್ಮಟದ ಪಕ್ಕದ ಮಸೀದಿ ಪ್ರವಾಸಿ ಬಂಗಲೆಯಾಯಿತು. ಗುಮ್ಮಟದ ಮುಂದಿನ ನಗಾರಖಾನೆ ವಸ್ತುಸಂಗ್ರಹಾಲಯವಾಗಿ ಇಂದಿಗೂ ಇದೆ.

ಈಗ ಊರಿಗೆ ಕೃಷ್ಣೆಯ ನೀರು ಕೊಲ್ಹಾರದ ಕಡೆಯಿಂದ ಪಂಪಿನ ಬಲದಿಂದ ಏರಿ ಬರುತ್ತದೆ. ಬೀದರ್, ಕಲಬುರಗಿ, ಹೈದರಾಬಾದುಗಳ ಜೊತೆ ವಿಜಾಪುರದ ಸ್ಮಾರಕಗಳು 2014ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದವು. ಕಾಯಂ ಪಟ್ಟಿಗೆ ಏರಬೇಕಾದರೆ ಒಂದೊಂದು ಗುಮ್ಮಟದ ಸುತ್ತ ಬೇಲಿ ಹಾಕಿದರೆ ಸಾಲದು, ಅವುಗಳ ನಡುವಿನ ನೆಲವನ್ನೂ ಕಾಯಬೇಕಾಗುತ್ತದೆ.

ಎರಡನೆಯ ದಿನ ಉಳಿಯುವವರಿಗೆ ಕುಮಟಗಿ ಇದೆ. ಪೂರ್ವಕ್ಕೆ ಸಿಂದಗಿ ದಾರಿಯಲ್ಲಿ ಸುಮಾರು 16 ಕಿಲೋಮೀಟರ್. ಕೆರೆಯ ಪಕ್ಕದಲ್ಲಿ ಅರಸರ ಬೇಸಿಗೆ ಮಂಟಪಗಳು, ನೀರಿನ ಗೋಪುರ, ಕಾರಂಜಿಗಳ ಗುರುತು, ಒಂದು ಮಂಟಪದ ಗೋಡೆಯಲ್ಲಿ ಕುದುರೆಯ ಮೇಲೆ ಚೆಂಡಾಟ ಆಡುವವರ ಮಾಸಿದ ಚಿತ್ರ. ಟಿಕೆಟ್ಟಿನ ಸಾಲು ಇಲ್ಲ. ಮಳೆಗಾಲ ಮುಗಿದ ಮೇಲೆ, ಅಕ್ಟೋಬರ್ ಆಚೆಗೆ ಹೋದರೆ ಕೆರೆಯಲ್ಲಿ ನೀರಿರುವ ಸಂಭವ ಹೆಚ್ಚು.